ಇಬ್ಬರು ಪುಟ್ಟ ಕಾವಲುಗಾರರನ್ನು ಕೀಳದಿರುವ ಬಗ್ಗೆ

ಇಂದ,
ಒಬ್ಬ ಬ್ಯಾಕ್ಟೀರಿಯಾ,
ಹುಟ್ಟೂರು: ಹಲಸೂರು ಕೆರೆ,
ಹಾಲಿ ವಾಸ: ಕಿಟಕಿ ಪಕ್ಕದ ಫ್ಲಾಸ್ಕ್, ತಮ್ಮ ಪ್ರಯೋಗಾಲಯ, ಇಂದಿರಾನಗರ.

ಗೆ,
ಡಾ. ಕೃಷ್ಣಸ್ವಾಮಿಯವರು,
ಪ್ರಯೋಗಾಲಯದ ಮುಖ್ಯಸ್ಥರು.

ದಿನಾಂಕ: 2007ರ ರಂಜಾನ್ ತಿಂಗಳು, ಭಾನುವಾರ.

ವಿಷಯ: ನನ್ನ ಕಾವಲುಗಾರರನ್ನು ಸೋಮವಾರ ಕಿತ್ತುಹಾಕುವ ಕ್ರಮ ಕೈಬಿಡುವ ಬಗ್ಗೆ.
ಉಲ್ಲೇಖ: ನಿನ್ನೆ ತಾವು ಚಹಾ ಕುಡಿಯುತ್ತಾ ನೀಡಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ:

1. ಶುಕ್ರವಾರ ಸಂಜೆ ತಮ್ಮ ಸಂಶೋಧನಾ ವಿದ್ಯಾರ್ಥಿ ಓವೈಸ್ ಅವರು ನಮಗೆ ಚಿಟಿಕೆ ನಕಲಿ ಸಕ್ಕರೆ ಹಾಕಬೇಕಿತ್ತು. ಈ ಸಕ್ಕರೆ ಒಳಗೆ ಬರುತ್ತದೆ, ಜೀರ್ಣವಾಗದೆ ಅಲ್ಲೇ ಕೂರುತ್ತದೆ. ಅವರು ಉಪವಾಸವಿದ್ದರು, ಹೊತ್ತು ಮುಳುಗುತ್ತಿತ್ತು. "ಇಫ್ತಾರ್‌ಗೆ ಶಿವಾಜಿನಗರ ಮುಟ್ಬೇಕು ಗುರು" ಎನ್ನುತ್ತಾ ಇಡೀ ಶೀಶೆಯನ್ನೇ ಬಗ್ಗಿಸಿ ಓಡಿದರು. ಅವರು ಖರ್ಜೂರ ಬಾಯಿಗಿಡುವ ಹೊತ್ತಿಗೆ ನಮ್ಮ ಬೆಳವಣಿಗೆಯೇ ನಿಂತಿತ್ತು. ಅತಿಯಾದರೆ ಅಮೃತವೂ ವಿಷ.

2. ಸದರಿ ಕಾರಣದಿಂದ, ನನ್ನೊಳಗಿನ ಪುಟ್ಟ ಆರ್‌ಎನ್‌ಎ ಒಂದು ಎದ್ದು, ಸಕ್ಕರೆಗೆ ಹೊಸ ಬಾಗಿಲು ಮಾಡಿರೆಂದು ಹೊರಟಿದ್ದ ಆದೇಶಗಳನ್ನೆಲ್ಲ ಹಿಡಿದು ರದ್ದು ಮಾಡಿತು. ಇದ್ದ ಬಾಗಿಲುಗಳಿಗೆ, ಅದರಿಂದಲೇ ಹುಟ್ಟಿದ ಪುಟ್ಟ ಪ್ರೋಟೀನ್ ಅಡ್ಡ ನಿಂತಿತು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. ಈ ಇಬ್ಬರು ಕಾವಲುಗಾರರಿಂದಲೇ ನಾನು ಬದುಕಿದೆ.

3. ಶನಿವಾರ ಓವೈಸ್ ಅವರು ಫ್ಲಾಸ್ಕ್ ಎತ್ತಿ, "ಯಾ ಅಲ್ಲಾ, ಇಷ್ಟು ಹಾಕ್ಬಿಟ್ನಾ! ಆದ್ರೂ ಬದುಕಿದೆ ಸರ್" ಎಂದರು. ನಾನು ಬಹುಮಾನಕ್ಕೆ ಕಾದೆ. ತಾವು ಹೇಳಿದ್ದು: "ಒಳಗೆ ಆ ಪುಟ್ಟ ಜೋಡಿ ಕೆಲಸ ಮಾಡಿರುತ್ತೆ ಕಣ್ರೀ. ಸೋಮವಾರ ಅವೆರಡನ್ನೂ ಕಿತ್ತಾಕಿ, ಇಷ್ಟೇ ಸಕ್ಕರೆ ಹಾಕಿ. ಸಾಯುತ್ತಾ ನೋಡೋಣ."

4. ಸಾಯುತ್ತೇನೆ. ಇದನ್ನು ತಿಳಿಯಲು ಪ್ರಯೋಗ ಬೇಕಿಲ್ಲ, ನನ್ನನ್ನು ಕೇಳಿದ್ದರೆ ಸಾಕಿತ್ತು.

5. ನನಗೆ ಭಯವಾಗಿದೆ. ಕಚೇರಿ ಭಾಷೆಯಲ್ಲಿ ಇದಕ್ಕೆ ಬೇರೆ ಪದವಿದ್ದರೆ ತಿಳಿದಿಲ್ಲ.

ಆದ್ದರಿಂದ ಸದರಿ ಆದೇಶ ಹಿಂಪಡೆಯಬೇಕಾಗಿಯೂ, ವಿಜ್ಞಾನಕ್ಕೆ ಅನಿವಾರ್ಯವಾದಲ್ಲಿ ನಮ್ಮಲ್ಲಿ ಕೆಲವರನ್ನಾದರೂ ಇದ್ದಂತೆಯೇ ಬಿಡಬೇಕಾಗಿಯೂ ಪ್ರಾರ್ಥನೆ.

ತಮ್ಮ ಫ್ಲಾಸ್ಕಿನ ವಿಶ್ವಾಸಿ,
(ಸಹಿ ಹಾಕುವಷ್ಟರಲ್ಲಿ ಇಬ್ಬರಾದೆವು)

ಲಗತ್ತುಗಳು:
1. ಓವೈಸ್ ಅವರು ಬಗ್ಗಿಸಿದ ಶೀಶೆ, ಖಾಲಿ.
2. ಕಾವಲುಗಾರರ ಭಾವಚಿತ್ರ: ತೀರಾ ಚಿಕ್ಕವರಾದ ಕಾರಣ ಲಗತ್ತಿಸಿಲ್ಲ.

ವಿ.ಸೂ.: ಯಾವ ಪ್ರಾರ್ಥನೆಯೂ ಮಂಜೂರಾಗದಿದ್ದಲ್ಲಿ, ಈ ಹಳೆಯ ಫ್ಲಾಸ್ಕ್ ತೊಳೆಯುವ ಕೆಲಸವನ್ನು ಓವೈಸ್ ಅವರಿಗೇ, ಇಫ್ತಾರ್ ಹೊತ್ತಿಗೇ ವಹಿಸಬೇಕಾಗಿ ವಿನಂತಿ. ತಳದಲ್ಲಿ ಒಂದು ಹನಿ ಉಳಿದರೆ ನಮಗೆ ಸಾಕು.