ಬಗ್ಗಲೊಲ್ಲದ ಕಡಗ

ಪಾಠ ಹೇಳುವ ಚಟ ಕುಡಿತಕ್ಕಿಂತ ಕೆಟ್ಟದ್ದು. ಕುಡಿದವನು ಮಾತಾಡಿ ಮಲಗಿಬಿಡುತ್ತಾನೆ, ಮಾಸ್ತರನಾದವನು “ತಿಳೀತೇನು?” ಎಂದು ತಿರುಗಿ ಕೇಳುತ್ತಾನೆ. ನಾನು ಬೀದರಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಸಾಲೆಯಲ್ಲಿ ಮಕ್ಕಳು, ಮನೆಯಲ್ಲಿ ಹೆಂಡತಿ. ನನ್ನಿಂದ ತಪ್ಪಿಸಿಕೊಂಡವರು ಕಡಿಮೆ.

೧೯೪೮ರ ಪೊಲೀಸ್ ಕಾರ್ಯಾಚರಣೆ ಮುಗಿದು ಊರು ಉಸಿರು ಬಿಟ್ಟಿದ್ದ ಕಾಲ. ಭಾಲ್ಕಿಯಲ್ಲಿ ಹೆಂಡತಿಯ ತಂಗಿಯ ಮದುವೆ. ಹೆಂಡತಿ ತನ್ನ ಬೆಳ್ಳಿ ಕಡಗ ಹೊರತೆಗೆದಳು. ತೀರಿಹೋದ ತಾಯಿಯದೆಂದು ಅವಳಿಗೆ ಉಳಿದದ್ದು ಅದೊಂದೇ. ಬಾಯಿ ತೆರೆದ ಕಡಗ. ಹಿಗ್ಗಿಸಿ ತೊಟ್ಟು ಅಮುಕಬೇಕು. ಅವಳು ಅಮುಕಿದಳು, ನಾನು ಅಮುಕಿದೆ. ಅದು ಜಪ್ಪಯ್ಯ ಎನ್ನಲಿಲ್ಲ. ಬಲ ಹಾಕಿದರೆ ಮುರಿಯುವ ಭಯ.

ತಪ್ಪು ಕಡಗದ್ದಲ್ಲ. ಗಲಭೆ, ಲೂಟಿಯ ದಿನಗಳಲ್ಲಿ ಯಾರಾದರೂ “ಬಂದ್ರು, ಬಂದ್ರು” ಎಂದು ಕೂಗಿದರೆ ಸಾಕು, ಅದನ್ನು ಬಿಚ್ಚಿ ಜೋಳದ ಗಡಿಗೆಯಲ್ಲಿ ಹುಗಿಯುತ್ತಿದ್ದಳು. ಆದರೆ ಅವಳ ತವರಿನ ಪದ್ಧತಿಯಂತೆ ಸಂಜೆ ದೀಪ ಹಚ್ಚುವಾಗ ತಾಯಿಯ ಬೆಳ್ಳಿ ಕೈಮೇಲಿರಬೇಕು. ಹಾಗಾಗಿ ಸಂಜೆಗೆ ಮತ್ತೆ ತೊಡುವುದು, ಮರುದಿನ ಮತ್ತೆ ಗಾಳಿಸುದ್ದಿ, ಮತ್ತೆ ಬಿಚ್ಚುವುದು.

ನನಗೆ ಪಾಠ ಸಿಕ್ಕಿತು. “ಬೆಳ್ಳಿಯೊಳಗ ಅಣುಗಳು ಸಾಲುಸಾಲಾಗಿ, ಪದರ ಪದರಾಗಿ ಕುಂತಿರ್ತಾವ. ಒಂದು ಸಾಲು ನಡುವ ತುಂಡಾಗಿದ್ರ ಆ ತಪ್ಪು ಸರೀತದ, ಅದಕ್ಕೇ ಬೆಳ್ಳಿ ಬಾಗ್ತದ. ಬಗ್ಗಿಸಿದಷ್ಟೂ ತಪ್ಪು ಹೆಚ್ಚಾಗ್ತಾವ. ಪದರದ ಸರತಿನೂ ಅಲ್ಲಲ್ಲಿ ತಪ್ತದ. ಕಡೀಗಿ ಒಂದಕ್ಕೊಂದು ಸಿಕ್ಕಾಕ್ಕೊಂಡು ಯಾವುದೂ ಸರಿಯಂಗಿಲ್ಲ. ತಿಳೀತೇನು?”

“ತಿಳೀತ್ರಿ. ತಪ್ಪು ಇದ್ದದ್ದು ಬಾಗ್ತದ. ನೀವು ಯಾಕ ಬಾಗಲ್ರಿ ಮತ್ತ?”

ಉಪಾಯವೆಂದರೆ ಕೆಂಪಗೆ ಕಾಯಿಸುವುದು. ಸಾಲುಗಳು ನೆಟ್ಟಗಾಗಿ ಬೆಳ್ಳಿ ಮೆತ್ತಗಾಗುತ್ತದೆ. ನಾನು ಹೀಗೆ ಹೇಳುತ್ತಲೇ ಅವಳ ಮುಖ ಸಪ್ಪಗಾಯಿತು. “ಅವ್ವನ್ನ ಒಮ್ಮೆ ಸುಟ್ಟೀವ್ರಿ. ಇದನ್ನೂ ಬೆಂಕಿಗಿ ಇಡ್ಲೇನು?”

ತಿಳಿಯಿತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೊರಡುವ ಮುಂಚಿನ ದಿನ ಅವಳೇ ಕಡಗವನ್ನು ಒಲೆಯ ಮುಂದಿಟ್ಟಳು. “ಸೋನಾರನ ಕುಲುಮಿ ಬ್ಯಾಡ್ರಿ. ಇಲ್ಲಿಗಿ ಬಂದಾಗೆಲ್ಲ ಈ ಒಲಿ ಮ್ಯಾಲೆ ಅವ್ವ ರೊಟ್ಟಿ ಮಾಡ್ಯಾಳ. ಇಲ್ಲೇ ಕಾಯಿಸ್ರಿ, ನೀವೇ.”

ಕಾಯಿಸಿದೆ. ಇಕ್ಕಳದಲ್ಲಿ ಹಿಡಿದು ಅದರ ಬಣ್ಣವನ್ನೇ ನೋಡುತ್ತಿದ್ದೆ. ಕಡಗ ಕರಗಿದ್ದರೆ ಆ ಮನೆಯಲ್ಲಿ ನನಗೆ ಊಟ ಹುಟ್ಟುತ್ತಿರಲಿಲ್ಲ. ಕೆಂಪಾದೊಡನೆ ನೀರಿಗೆ ಹಾಕಿ ಹುಣಸೆಹುಳಿಯಿಂದ ತಿಕ್ಕಿದೆ. ಅವಳು ಎರಡು ಬೆರಳಿನಲ್ಲಿ ಅಮುಕಿದಳು. ಮಣಿಕಟ್ಟಿಗೆ ಮೆತ್ತಗೆ ಕೂತಿತು. ಅವಳು ಅತ್ತಳು. ನನಗೂ ಕಣ್ಣು ತುಂಬಿತು, ಹೊಗೆ ಎಂದೆ.

ಭಾಲ್ಕಿಯ ಮದುವೆಮನೆಯಲ್ಲಿ ಬೀಗರು ಬಾಗಿಲಿಗೆ ಬಂದಾಗ ಢಮ್ಮೆಂದು ಸದ್ದಾಯಿತು. ಸ್ವಲ್ಪ ಹೊತ್ತಿಗೆ ಒಳಕೋಣೆಯ ಬಾಗಿಲಲ್ಲಿ ಹೆಂಡತಿ ಕಾಣಿಸಿದಳು. ಕೈಯಲ್ಲಿ ಕಡಗವಿಲ್ಲ, ಸೆರಗಿನ ಗಂಟಿನೊಳಗಿತ್ತು. “ಪಟಾಕಿ ಅದ್ರಿ,” ಎಂದು ನಾಚಿ ನಕ್ಕಳು.

“ಹುಚ್ಚಿ, ಇನ್ನ ಯಾರೂ ಬರಂಗಿಲ್ಲ, ಹಾಕ್ಕೋ” ಎಂದು ಧೈರ್ಯ ಹೇಳಿದೆ. ಹೇಳಿದ್ದು ಸುತ್ತಿಟ್ಟ ಹಾಸಿಗೆಗಳ ಹಿಂದೆ ಮೊಣಕಾಲೂರಿ ಕೂತಲ್ಲಿಂದ.  ಅವಳು ಕೈ ಕೊಟ್ಟು ನನ್ನನ್ನು ಎಬ್ಬಿಸಿದಳು.