ಬ್ಯಾಡಗಿ ಖಾರದ ಮೇಲೆ ಬಂದ ಅಪವಾದ

ನನಗೆ ಗೊತ್ತಿಲ್ಲದ ನೋವಿನ ಗುಳಿಗೆ ಹಾವೇರಿಯಲ್ಲಿಲ್ಲ. ಡಾಕ್ಟರಿಕೆ ಓದಿದವನಲ್ಲ, ಬ್ಯಾಂಕಿನ ಕುರ್ಚಿ ಬಿಡದೆ ದುಡಿದು ಗಳಿಸಿದ ಸೊಂಟನೋವೇ ನನ್ನ ಪದವಿ. ಓಣಿಯವರ ಹಲ್ಲು, ಸೊಂಟ, ಮೊಣಕಾಲುಗಳಿಗೆಲ್ಲ ನಾನೇ ಸಲಹೆಗಾರ. ಈಚೆಗೆ ಮೊಣಕಾಲಿಗೆಂದು ರಾಣೆಬೆನ್ನೂರಿನ ಡಾಕ್ಟರರು ಒಂದು ಗುಳಿಗೆ ಬರೆದರು, ಹಲ್ಲಿಗೆಂದು ಹಾವೇರಿಯವರು ಇನ್ನೊಂದು. ಖಾಲಿ ಹೊಟ್ಟೆಯಲ್ಲಿ ಔಷಧಿ ಬೇಗ ಹತ್ತುತ್ತದೆಂಬುದು ನನ್ನ ಸ್ವಂತ ಸಿದ್ಧಾಂತ. ಬೆಳಿಗ್ಗೆ ಚಹಾದ ಜೊತೆ ಎರಡನ್ನೂ ನುಂಗತೊಡಗಿದೆ. ಮೊಣಕಾಲು ಸುಮ್ಮನಾಯಿತು, ಹೊಟ್ಟೆ ಉರಿಯತೊಡಗಿತು.

ತಪ್ಪು ಯಾರದೆಂದು ಹುಡುಕಲು ನನಗೆ ಹೊತ್ತು ಹಿಡಿಯಲಿಲ್ಲ. ಹೆಂಡತಿ ಗಿರಿಜಾಳ ತವರು ಬ್ಯಾಡಗಿ. ಆಕೆಯ ತಮ್ಮ ವರ್ಷದ ಖಾರಪುಡಿ ಹೊತ್ತು ಬಂದ ದಿನವೇ, "ನಿಮ್ಮ ಖಾರ ನನ್ನ ಹೊಟ್ಟಿ ಸುಟ್ಟೈತಿ" ಎಂದುಬಿಟ್ಟೆ.

"ಮಾಮಾ, ನಮ್ಮೂರ ಮೆಣಸಿನಕಾಯಿ ಬಣ್ಣಕ್ಕ ಹೆಸರಾದದ್ದು. ಖಾರಕ್ಕಂತ ಅದನ್ನ ಯಾರೂ ಬೈದಿದ್ದಿಲ್ಲ" ಎಂದವನು ಊಟಕ್ಕೂ ನಿಲ್ಲದೆ ಚೀಲ ಎತ್ತಿಕೊಂಡು ಬಸ್ಸು ಹತ್ತಿದ. ಅಂದಿನಿಂದ ನಮ್ಮ ಮನೆಯ ಬದನೆಕಾಯಿ ಎಣ್ಣೆಗಾಯಿ ಖಾರವಿಲ್ಲದೆ ಬೆಳ್ಳಗಾಯಿತು. ಉರಿ ಮಾತ್ರ ಹಾಗೇ ಇತ್ತು. ಕೊನೆಗೆ ಗಿರಿಜಾ ಮನೆಯಲ್ಲಿ ಉಳಿದಿದ್ದ ಖಾರದ ಡಬ್ಬಿಯನ್ನೇ ಚೀಲದಲ್ಲಿಟ್ಟುಕೊಂಡು, "ನಡೀರಿ, ಡಾಕ್ಟ್ರ ಮುಂದ ನ್ಯಾಯ ಆಗ್ಲಿ" ಎಂದು ನನ್ನನ್ನು ಹೊರಡಿಸಿದಳು.

ಡಾಕ್ಟರರು ಡಬ್ಬಿ ಮುಟ್ಟಲಿಲ್ಲ. ಏನೇನು ಗುಳಿಗೆ ನಡೆದಿದೆ ಎಂದು ಕೇಳಿದರು. ನಾನು ಹೆಮ್ಮೆಯಿಂದ ದಿನದ ಬಿಪಿ ಗುಳಿಗೆ ಸಹಿತ ಎಲ್ಲವನ್ನೂ ಮೇಜಿನ ಮೇಲೆ ಹರವಿದೆ.

"ಈ ನೋವಿನ ಗುಳಿಗಿ ಎರಡೂ ಒಂದ ಬಳಗದ್ವು ಅದಾವ್ರಿ, ಹೆಸರಷ್ಟ ಬ್ಯಾರೆ. ಕೂಡಿಸಿ ತಗೊಂಡ್ರ ನೋವು ಹೆಚ್ಚೇನು ಕಡಿಮಿ ಆಗಂಗಿಲ್ಲ, ಹೊಟ್ಟಿ ಕೆಡತೈತಿ, ಕಿಡ್ನಿಗೂ ಪೆಟ್ಟು. ಅದರಾಗ ನಿಮಗ ಬಿಪಿ ಗುಳಿಗಿ ನಡದೈತಿ. ಈ ಎರಡೂ ಬಂದ್ ಮಾಡ್ರಿ. ಸಂಡಾಸ ಕಪ್ಪಗಾದ್ರ ತಡಾ ಮಾಡದ ಬರ್ರಿ."

"ಖಾರದ್ದೇನರ ತಪ್ಪೈತೇನ್ರಿ?" ಗಿರಿಜಾ ಕೇಳಿದಳು.

"ಇಲ್ಲವ್ವಾ. ಉರಿ ಆರೂತನಕ ಸ್ವಲ್ಪ ಕಡಿಮಿ ಹಾಕು, ಅಷ್ಟ."

ಆಸ್ಪತ್ರೆಯ ಮೆಟ್ಟಿಲ ಮೇಲೆ ಆಕೆ ತಮ್ಮನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ತಪ್ಪಾಯಿತೆಂದೆ. ಮರುದಿನವೇ ಖಾರಪುಡಿಯ ಚೀಲ ವಾಪಸು ಬಂತು.

ಈಗ ಗುಳಿಗೆಯ ಡಬ್ಬಿ ಅಡುಗೆಮನೆಯಲ್ಲಿದೆ, ಖಾರದ ಡಬ್ಬಿಯ ಪಕ್ಕದಲ್ಲಿ, ನನ್ನ ಕೈಗೆಟುಕದಂತೆ. ಮೊನ್ನೆ ಪಕ್ಕದ ಮನೆಯ ಶಾಂತಕ್ಕ ಸೊಂಟ ಹಿಡಿದುಕೊಂಡು ಬಂದರು. ನಾನು ಗಂಟಲು ಸರಿಪಡಿಸಿಕೊಂಡೆ. ಗಿರಿಜಾ ಮುಂದೆ ಬಂದು, "ಊಟಾ ಆತೇನ್ರಿ? ಬಿಪಿ, ಸಕ್ಕರಿ ಗುಳಿಗಿ ನಡದಾವೇನ್ರಿ? ಮೊದಲ ಹೊಟ್ಟ್ಯಾಗ ಹುಣ್ಣ ಆಗಿತ್ತೇನ್ರಿ?" ಎಂದೆಲ್ಲ ವಿಚಾರಿಸಿ, ಒಂದು ಗುಳಿಗೆಯನ್ನೂ ಕೊಡದೆ ಡಾಕ್ಟರರ ಹತ್ತಿರ ಕಳಿಸಿದಳು.

ಹೋಗುವಾಗ ಶಾಂತಕ್ಕ ನನ್ನ ಕಡೆ ತಿರುಗಿ, "ಎಷ್ಟ ತಿಳ್ಕೊಂಡಾರ ನೋಡ್ರಿ ಗಿರಿಜಕ್ಕ. ಯಾರ ಕಡೆ ಕಲ್ತಾರೋ ಏನೋ" ಎಂದರು.

ನನ್ನ ಉರಿದ ಹೊಟ್ಟೆಯ ಕಡೆ ಕಲಿತದ್ದೆಂದು ಹೇಳಲಿಲ್ಲ. ನನ್ನ ಕಡೆಯೇ ಎಂದೆ.