ಹಾರ ಬಿದ್ದ ಹಳೇ ಬಜಾರ

ಎಲ್ಲಕ್ಕೂ ಕಾರಣ ಒಂದು ಆಡು. ಅದು ಅಂದು ಬೇರೆ ಯಾರದಾದರೂ ಅಂಗಡಿ ಮುಂದೆ ಹೋಗಿ ನಿಂತಿದ್ದರೆ, ಗಜೇಂದ್ರಗಡದ ಹಳೇ ಬಜಾರದ ಫೋಟೊಗ್ರಾಫರ್ ಮೈಲಾರಿಯ ಆ ದಿನವೂ ಉಳಿದ ದಿನಗಳ ಹಾಗೆ ಪಾಸ್‌ಪೋರ್ಟ್ ಸೈಜಿನಲ್ಲೇ ಮುಗಿದುಹೋಗುತ್ತಿತ್ತು.

ಆಡಿಗಿಂತ ಮೊದಲು ಫೋಟೊದ ವಿಷಯ ಹೇಳಬೇಕು. ಮೈಲಾರಿಯ ಅಪ್ಪ ಗ್ಯಾನಪ್ಪನೂ ಇದೇ ಅಂಗಡಿಯಲ್ಲಿ ಫೋಟೊ ತೆಗೆಯುತ್ತಿದ್ದವನು. ಹರೆಯದಲ್ಲಿ ಅವನು ಒಮ್ಮೆ ಎದುರಿನ ಮಾಳಿಗೆ ಹತ್ತಿ ಇಡೀ ಬಜಾರವನ್ನು ಒಂದೇ ಫೋಟೊದಲ್ಲಿ ಹಿಡಿದಿದ್ದ. ಈಗ ಗಾಜು, ತಗಡು, ಮಿಣಮಿಣ ಮಿಂಚುವ ಬೋರ್ಡು ಇರುವಲ್ಲಿ ಆಗ ಹಲಗೆಯ ಬಾಗಿಲು, ಕೆತ್ತನೆಯ ಕಂಬ, ಕಟ್ಟೆಯ ಮೇಲೊಂದು ಹೊಲಿಗೆ ಯಂತ್ರ, ಗೋಲಿಸೋಡಾದ ಅಂಗಡಿ, ಅದರ ಮುಂದೆ ಎತ್ತು ಬಿಚ್ಚಿ ನಿಲ್ಲಿಸಿದ ಚಕ್ಕಡಿ. ಇದ್ದಬಿದ್ದ ಅಂಗಡಿಗಳೆಲ್ಲ ಬಾಗಿಲು ತೆರೆದಿವೆ. ನಟ್ಟನಡುವೆ, ಕಿರಾಣಿ ಅಂಗಡಿಯ ಮುಂದೆ, ಬಿಳಿ ಟೊಪ್ಪಿಗೆ ಹಾಕಿಕೊಂಡು ಬಜಾರವೆಲ್ಲ ತನ್ನದೇ ಎನ್ನುವ ಹಾಗೆ ನಿಂತ ತರುಣನೇ ದ್ಯಾವಪ್ಪ ಸಾವಕಾರ.

ಸಾವಕಾರರಿಗೆ ಈಗ ಎಂಬತ್ತು ದಾಟಿದೆ. ಮೈಲಾರಿಯ ಸ್ಟುಡಿಯೊ ಇರುವ ಕಟ್ಟಡ ಅವರದೇ. ಆ ಜಾಗವನ್ನು ಹೋದ ವಾರ ಮೊಬೈಲ್ ಅಂಗಡಿಯವರು ಬಂದು ಟೇಪು ಹಿಡಿದು ಅಳೆದುಕೊಂಡು ಹೋಗಿದ್ದರು. ಅಂದಿನಿಂದ ಮೈಲಾರಿಗೆ ಅಂಗಡಿ ಕೈಬಿಟ್ಟು ಹೋದೀತೆಂಬ ಚಿಂತೆ. ಕೇಳಿದರೆ ಸಾವಕಾರರು, "ನಾಳೆ ಮನಿಮಂದಿ ಎಲ್ಲಾ ಇಟಗಿ ಭೀಮವ್ವನ ದರ್ಶನಕ್ಕ ಹೊಂಟೇವಿ. ಆಕಿ ಮುಂದ ಕುಂತು ವಿಚಾರ ಮಾಡ್ತೀನಿ. ನೀ ಇರಬೇಕೋ ಬಿಡಬೇಕೋ, ಸಂಜಿಕ ಬಂದು ಹೇಳ್ತೀನಿ" ಎಂದಿದ್ದರು.

ಮೈಲಾರಿ ರಾತ್ರಿಯೇ ಅಪ್ಪನ ಫೋಟೊವನ್ನು ಹುಡುಕಿ ತೆಗೆದು, ಬಾಗಿಲಿನಷ್ಟು ದೊಡ್ಡದು ಮಾಡಿಸಿ, ತೇಗದ ಕಟ್ಟು ಹಾಕಿದ. ಸಂಜೆ ಸಾವಕಾರರು ಬಂದಿಳಿದ ಕೂಡಲೇ ಹಾರ ಹಾಕಿ, ಶಾಲು ಹೊದಿಸಿ, ಫೋಟೊ ಕೈಗೆ ಕೊಡುವುದು ಅವನ ಹಂಚಿಕೆ.

"ಒಂದ ಫೋಟೊಕ್ಕ ಕರಗೂ ಮಂದಿ ಏನ್ರಿ ಅವ್ರು?" ಎಂದು ಹೆಂಡತಿ ಮಹೇಶ್ವರಿ ಕೇಳಿದಳು.

"ಅಪ್ಪನ ಫೋಟೊಕ್ಕ ಕರಗಲಿಕ್ಕಿಲ್ಲ. ತಮ್ಮ ಮಾರಿ ನೋಡಿ ಕರಗ್ತಾರ. ತನ್ನ ಮಾರಿ ನೋಡಿ ಕರಗಲಾರದಾವನ್ನ ನಾ ಈ ಧಂದೇದಾಗ ಇನ್ನೂ ನೋಡಿಲ್ಲ" ಎಂದ ಮೈಲಾರಿ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಸಾವಕಾರರು ಮರ್ಯಾದೆಗೆ ಜೀವ ಬಿಡುವವರು. ಬಜಾರದ ಹಿರಿಯ ವ್ಯಾಪಾರಿ ಯಾರಾದರೂ ತೀರಿಕೊಂಡರೆ ಎಲ್ಲರೂ ಅಂಗಡಿ ಬಾಗಿಲು ಹಾಕುವುದು ಅಲ್ಲಿನ ರೂಢಿ. ತಮ್ಮ ಅಪ್ಪ ಸತ್ತಾಗ ಆಚೆ ಸಾಲಿನವರು ಬಾಗಿಲು ಹಾಕಲಿಲ್ಲವೆಂಬ ಸಿಟ್ಟಿಗೆ ಸಾವಕಾರರು ಇವತ್ತಿಗೂ ಆ ಸಾಲಿನಲ್ಲಿ ಒಂದು ಕಡ್ಡಿಪೆಟ್ಟಿಗೆ ಕೊಂಡವರಲ್ಲ. ಇಂಥವರಿಗೆ ಶಾಲು ಹಾರ ಬಹಳ ಕೆಲಸ ಮಾಡುತ್ತದೆ.

ಮರುದಿನ ಮೈಲಾರಿ ಪಕ್ಕದಲ್ಲಿ ಹೂ ಮಾರುವ ಮಾನವ್ವನಿಂದ ದಪ್ಪನೆಯ ಚೆಂಡುಹೂವಿನ ಹಾರ ಕಟ್ಟಿಸಿ ತಂದು ಸ್ಟೂಲಿನ ಮೇಲಿಟ್ಟ. ಫೋಟೊವನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿದ್ದ. ಅಷ್ಟರಲ್ಲಿ ಆಡು ಬಂತು. ಸಾವಕಾರರ ಹಾರದಲ್ಲಿ ಎರಡು ಹೂವು ಅದರ ಹೊಟ್ಟೆ ಸೇರಿದ ಮೇಲೆ ಮೈಲಾರಿ ನೋಡಿದ. ಆಡನ್ನು ಓಡಿಸಿ, ಹಾರವನ್ನು ಎಲ್ಲಿ ಇಡುವುದೆಂದು ಸುತ್ತ ನೋಡಿದ. ಎತ್ತರದಲ್ಲಿ ಕಂಡದ್ದು ಫೋಟೊದ ಕಟ್ಟು. ಅದಕ್ಕೇ ನೇತುಹಾಕಿದ. ಆ ಕ್ಷಣಕ್ಕೆ ರಾಜೂರಿನಿಂದ ಒಬ್ಬ ತಾಯಿ ಅಳುವ ಕೂಸನ್ನು ಎತ್ತಿಕೊಂಡು ಬಂದು, "ಬ್ಯಾಂಕಿನ ಪಾಸ್‌ಬುಕ್ಕಿಗೆ ಫೋಟೊ ಬೇಕ್ರಿ, ಲಗೂ" ಎಂದಳು. ಮೈಲಾರಿ ಪರದೆಯ ಹಿಂದೆ ಹೋದ. ಕೂಸು ಬಾಯಿ ಮುಚ್ಚುವ ತನಕ ಹೊರಗೆ ಬರಲಿಲ್ಲ.

ಅದೇ ಹೊತ್ತಿಗೆ ಬಟ್ಟೆ ಅಂಗಡಿಯ ಲಕ್ಷ್ಮಪ್ಪ ಅಲ್ಲಿಗೆ ಬಂದ. ಅವನು ವ್ಯಾಪಾರಿಗಳ ಸಂಘದ ಅಧ್ಯಕ್ಷ. ತನ್ನ ಅಂಗಡಿ ರಾಜರ ಕಾಲದ್ದೆಂದು ಹೇಳಿಕೊಂಡು ಬಂದವನು. ಮೈಲಾರಿಯ ಫೋಟೊದಲ್ಲಿ ಆ ಜಾಗದಲ್ಲಿ ಎಮ್ಮೆ ಕಟ್ಟಿದ್ದಾರೆಂದು ಯಾರೋ ಹೇಳಿದ್ದರಿಂದ ಖಾತ್ರಿ ಮಾಡಿಕೊಳ್ಳಲು ಬಂದಿದ್ದ. ಎಮ್ಮೆ ಇತ್ತು. ಆದರೆ ಅದರ ಮೇಲೆ ಹಾರ ಇಳಿಬಿದ್ದಿತ್ತು, ಹಾರದ ನಡುವೆ ದ್ಯಾವಪ್ಪ ಸಾವಕಾರರ ಮುಖವಿತ್ತು.

ಲಕ್ಷ್ಮಪ್ಪ ಎಮ್ಮೆಯನ್ನು ಮರೆತ. ಮೊಬೈಲಿನಲ್ಲಿ ಫೋಟೊದ ಫೋಟೊ ತೆಗೆದು ಸಂಘದ ಗುಂಪಿಗೆ ಹಾಕಿ, "ಬಜಾರದ ಹಿರಿಯ ಕಂಬ ಉರುಳಿತು" ಎಂದು ಬರೆದ. ಪರದೆಯ ಹಿಂದೆ ಕೂಸು ಅಳುತ್ತಲೇ ಇತ್ತು. ಮೈಲಾರಿಯ ಮನೆಮಂದಿಗೂ ದುಃಖ ತಡೆಯಲಾಗುತ್ತಿಲ್ಲವೆಂದು ತಿಳಿದು ಅವನು ಸದ್ದಿಲ್ಲದೆ ಇಳಿದುಹೋದ.

ಮೈಲಾರಿ ಹೊರಗೆ ಬಂದಾಗ ಎದುರಿನ ಶಟರು ಢರ್ ಎಂದು ಇಳಿಯಿತು. ಅದರ ಬೆನ್ನಿಗೆ ಇನ್ನೊಂದು. ಚಹಾದಂಗಡಿಯ ನಜೀರಸಾಬ ಒಲೆ ಆರಿಸುತ್ತಿದ್ದ.

"ನಜೀರಭಾಯಿ, ಏನಾತು? ಬಂದ್ ಐತೇನು?"

"ನಿನಗ ಗೊತ್ತಿಲ್ಲೇನಪಾ? ನಿಮ್ಮ ಸಾವ್ಕಾರ್ರು ಹೋದ್ರಲ್ಲ" ಎಂದು ನಜೀರಸಾಬ ಮೊಬೈಲು ತೋರಿಸಿದ. ಮೈಲಾರಿ ನೋಡಿದ. ತನ್ನದೇ ಅಂಗಡಿ, ತನ್ನದೇ ಫೋಟೊ, ತನ್ನದೇ ಹಾರ.

ಓಡಿಬಂದು ಹಾರ ತೆಗೆದ. ಅದು ಇನ್ನೊಂದು ತಪ್ಪಾಯಿತು. ಕೈ ಮುಗಿಯಲು ಬಂದು ನಿಂತಿದ್ದ ಮಂದಿ ಒಮ್ಮೆಲೇ ಹರಿಹಾಯ್ದರು.

"ಸತ್ತವರ ಕೊಳ್ಳಾಗಿನ ಹಾರ ತಗೀತಾರೇನಲೇ?"

"ಅವ್ರು ಸತ್ತಿಲ್ರೀ! ಇಟಗಿಗೆ ಹೋಗ್ಯಾರ. ಹಾರ ಆಡು ತಿಂತೈತಂತ ಇಲ್ಲಿ ಹಾಕಿದ್ದೆ."

ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಆಡಿನ ಮಾತು ಯಾರಿಗೂ ಸರಿಕಾಣಲಿಲ್ಲ. "ಅಂದ್ರ ಇಟಗ್ಯಾಗ ತೀರ್ಕೊಂಡಾರ. ದೇವಿ ಪಾದದ ಹಂತೇಲಿ. ಎಂಥಾ ಪುಣ್ಯೇದ ಸಾವು!" ಎಂದ ಲಕ್ಷ್ಮಪ್ಪ. ಸಾವಕಾರರ ಮಗನಿಗೆ ಫೋನು ಹಚ್ಚಿದರು. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಫೋನಿನ ಹೆಣ್ಣುಮಗಳು ಹೇಳಿದಳು. ಆಕೆಯ ಮಾತು ಕೇಳಿ ಇಬ್ಬರು ಮೂವರು ಕಣ್ಣು ಒರೆಸಿಕೊಂಡರು. ಮನೆಗೆ ಹೋಗಿ ನೋಡಿದವರು ಬೀಗ ಹಾಕಿದೆ ಎಂದು ತಿಳಿಸಿದರು.

ಮೈಲಾರಿ ಮಾನವ್ವನ ಹತ್ತಿರ ಹೋಗಿ ಅಂಗಲಾಚಿದ. "ಯಕ್ಕಾ, ನೀ ಆದ್ರೂ ಹೇಳ. ಹಾರ ಸನ್ಮಾನಕ್ಕಂತ ಕಟ್ಟಿಸಿಲ್ಲೇನು?"

ಮಾನವ್ವನ ಮುಂದೆ ಗಿರಾಕಿಗಳು ಮುಗಿಬಿದ್ದಿದ್ದರು. ಜಾತ್ರೆಯಲ್ಲೂ ಅಷ್ಟು ಹೂವು ಖರ್ಚಾಗಿರಲಿಲ್ಲ. "ನಾ ಹೂ ಮಾರಾಕಿ ತಮ್ಮಾ. ಯಾರ ಕೊಳ್ಳಿಗೆ, ಯಾತಕ್ಕ ಅಂತ ಕೇಳಿ ಮಾರಿದ್ರ ಹೊಟ್ಟಿ ತುಂಬ್ತೈತೇನು? ಅತ್ತಾಗ ಸರಿ, ಗಿರಾಕಿಗೆ ಅಡ್ಡ ನಿಂತಿ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಬಜಾರದಲ್ಲಿ ಸೂಜಿ ಬೇಕೆಂದರೂ ಸಿಗದ ಹಾಗಾಯಿತು. ತೆರೆದಿದ್ದದ್ದು ಸ್ಟುಡಿಯೊ ಒಂದೇ. ಲಕ್ಷ್ಮಪ್ಪ ಸಂಘದವರನ್ನು ಕಟ್ಟಿಕೊಂಡು ಬಂದ.

"ಮೈಲಾರಿ, ಶಟರ್ ಇಳಸು."

"ಇಳಸಂಗಿಲ್ರಿ. ಜೀವಂತ ಮನಷ್ಯಾಗ ನಾ ಬಾಗ್ಲಾ ಹಾಕಂಗಿಲ್ಲ. ಸಂಜಿಕ ಅವ್ರು ಬಂದು ನೋಡಿದ್ರ ನನ್ನ ಗತಿ ಏನು? ನನ್ನ ಬಾಡಿಗಿದಾರನ ನನ್ನ ಸಾಯಿಸಿದ ಅನ್ನಂಗಿಲ್ಲೇನು?"

"ಮಾಲಕ ಸತ್ತಾನ, ಬಾಡಿಗಿದಾರ ಧಂದೆ ಮಾಡಾಕತ್ತಾನ. ಕಲಿಗಾಲ" ಎಂದು ನಜೀರಸಾಬ ತಲೆ ಅಲ್ಲಾಡಿಸಿದ. ಅವನ ಅಂಗಡಿಯ ಮುಂಬಾಗಿಲು ಮುಚ್ಚಿತ್ತು. ದುಃಖದಲ್ಲಿದ್ದವರಿಗೆಲ್ಲ ಹಿಂಬಾಗಿಲಿನಿಂದ ಚಹಾ ಸರಬರಾಜಾಗುತ್ತಿತ್ತು.

ಮೈಲಾರಿಗೂ ಹಟ ಬಂತು. ಇದ್ದ ದೀಪಗಳನ್ನೆಲ್ಲ ಹಚ್ಚಿದ. ಸಾಲದ್ದಕ್ಕೆ, ಇಲ್ಲಿ ಯಾರೂ ಸತ್ತಿಲ್ಲ ಎಂದು ಊರಿಗೇ ತಿಳಿಯಲಿ ಎಂದು ರೇಡಿಯೊದಲ್ಲಿ ಸಿನಿಮಾ ಹಾಡು ಹಚ್ಚಿದ. ಮಂದಿ ಕಿವಿ ಮುಚ್ಚಿಕೊಂಡು ದೂರ ಸರಿದರು. ಮಹೇಶ್ವರಿ ಊಟದ ಡಬ್ಬಿ ತಂದವಳು ಬಾಗಿಲಲ್ಲೇ ನಿಂತು, "ಎಲ್ಲರೂ ಹಾಕ್ಯಾರ, ನೀವೂ ಅರ್ಧಾ ಆದ್ರೂ ಇಳಸ್ರಿ. ಅವ್ರು ಬಂದ್ಮ್ಯಾಲೆ ಏರಿಸಿದ್ರಾತು" ಎಂದಳು. ಬುದ್ಧಿಯ ಮಾತು. ಮೈಲಾರಿ ಕೇಳಲಿಲ್ಲ.

"ನೋಡ್ತಿರು. ಇಡೀ ಬಜಾರ ಅವ್ರನ್ನ ಸಾಯಿಸೇತಿ. ಬದುಕಿಸಿ ಇಟ್ಟಾವ ನಾ ಒಬ್ಬಾವ. ಸಂಜಿಕ ಇದ ನನ್ನ ಅಂಗಡಿ ಉಳಸ್ತೈತಿ" ಎಂದ. ಆ ಮಾತು ಹೇಳುವಾಗ ಅವನಿಗೆ ಆಡಿನ ಮೇಲೂ ಪ್ರೀತಿ ಬಂತು.

ಇಳಿಹೊತ್ತಿಗೆ ಬಸ್ ಸ್ಟ್ಯಾಂಡಿನ ಕಡೆಯಿಂದ ಫ್ಲೆಕ್ಸ್ ಬಂತು. "ಮತ್ತೆ ಹುಟ್ಟಿ ಬನ್ನಿ" ಎಂದು ಮೇಲೆ ಬರೆದಿತ್ತು. ಒಂದು ಕಡೆ ಹಾರದೊಳಗಿನ ತರುಣ ದ್ಯಾವಪ್ಪ, ಇನ್ನೊಂದು ಕಡೆ ಅವನಿಗಿಂತ ಒಂದು ಗೇಣು ದೊಡ್ಡದಾಗಿ ಕೈ ಮುಗಿದ ಲಕ್ಷ್ಮಪ್ಪ. ಎಮ್ಮೆಯನ್ನು ಕತ್ತರಿಸಿ ತೆಗೆಸಿದ್ದ. ಫ್ಲೆಕ್ಸನ್ನು ಬಜಾರದ ಬಾಯಿಗೆ ಅಡ್ಡವಾಗಿ ಕಟ್ಟಿ ಗಂಟು ಬಿಗಿಯುವುದಕ್ಕೂ, ಅದರ ಕೆಳಗೆ ಒಂದು ಟಂಟಂ ಗಾಡಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಒಳಗಿನಿಂದ ಹಣೆ ತುಂಬ ದೇವಿಯ ಭಂಡಾರದ ಅರಿಸಿನ ಹಚ್ಚಿಕೊಂಡ ದ್ಯಾವಪ್ಪ ಸಾವಕಾರರು ಕೋಲು ಊರಿ ಇಳಿದರು.

ಲಕ್ಷ್ಮಪ್ಪ ಏಣಿಯ ಮೇಲೆಯೇ ಉಳಿದ. ನಜೀರಸಾಬನ ಕೈಯೊಳಗಿನ ಚಹಾದ ಕೆಟಲಿ ಬೆನ್ನ ಹಿಂದೆ ಹೋಯಿತು. ಯಾರೂ ಉಸಿರು ಬಿಡಲಿಲ್ಲ. ಮೈಲಾರಿಯ ಅಂಗಡಿಯ ಸಿನಿಮಾ ಹಾಡು ಮಾತ್ರ ಜೋರಾಗಿ ಕೇಳಿಬರುತ್ತಿತ್ತು.

ಸಾವಕಾರರು ತಲೆ ಎತ್ತಿ ಫ್ಲೆಕ್ಸು ಓದಿದರು. ಮೊದಲಿನಿಂದ ಕೊನೆಯ ತನಕ, ಕೆಳಗಿನ ಹೆಸರುಗಳನ್ನೂ ಬಿಡದೆ ಓದಿದರು. ಆಮೇಲೆ ಬಜಾರದ ಕಡೆ ನೋಡಿದರು.

"ಇದೆಲ್ಲಾ ನನ್ನ ಸಲುವಾಗಿ ಏನು?" ಎಂದು ಮೆಲ್ಲಗೆ ಕೇಳಿದರು.

"ತಪ್ಪಾತ್ರಿ ಅಜ್ಜಾರ, ಗೊತ್ತಿರ್ಲಿಲ್ರಿ..." ಏಣಿಯ ಮೇಲಿನಿಂದಲೇ ಲಕ್ಷ್ಮಪ್ಪ ಕೈ ಮುಗಿದ.

ಸಾವಕಾರರು ಕೋಲು ಊರುತ್ತ ನಡೆದರು. ಒಂದೊಂದು ಮುಚ್ಚಿದ ಬಾಗಿಲ ಮುಂದೆಯೂ ನಿಂತು, ಶಟರಿನ ಮೇಲೆ ಕೈಯಾಡಿಸಿದರು. ಆಚೆ ಸಾಲಿಗೂ ಹೋದರು. ಅಲ್ಲಿಯೂ ಎಲ್ಲ ಮುಚ್ಚಿತ್ತು. ಮುದುಕನ ಕಣ್ಣಲ್ಲಿ ನೀರು ಬಂತು. "ನಮ್ಮಪ್ಪಗ ಈ ಸಾಲಿನವರು ಹಾಕಿರ್ಲಿಲ್ಲ. ನನಗ ಹಾಕ್ಯಾರ. ಕಣ್ಣಿದ್ದಾಗ ನೋಡಿದ್ನಲ್ಲಾ ಭೀಮವ್ವಾ!" ಎಂದು ಎರಡೂ ಕೈ ಎತ್ತಿ ಮುಗಿದರು. ಆಗ ಬಜಾರ ಉಸಿರು ಬಿಟ್ಟಿತು. ಲಕ್ಷ್ಮಪ್ಪ ಏಣಿ ಇಳಿದ.

ಕೊನೆಗೆ ಸಾವಕಾರರು ಝಗಝಗ ದೀಪ ಉರಿಯುವ ಸ್ಟುಡಿಯೊದ ಮುಂದೆ ಬಂದರು. ಮೈಲಾರಿ ರೇಡಿಯೊ ಆರಿಸಿ, ಶಾಲು ಹೊದಿಸಿ, ಆಡು ಬಿಟ್ಟಷ್ಟು ಹಾರವನ್ನು ಕೊರಳಿಗೆ ಹಾಕಿ ಕಾಲು ಮುಟ್ಟಿದ.

"ನೋಡ್ರಿ ಸಾವ್ಕಾರ್ರ, ಎಲ್ಲಾರೂ ಬಾಗ್ಲಾ ಹಾಕಿದ್ರು. ನೀವು ಅದೀರಿ ಅಂತ ಹಟ ಹಿಡದು ತಗದಿಟ್ಟಾವ ನಾ ಒಬ್ಬಾವ್ರಿ!"

"ಹೌದು, ನೀ ಒಬ್ಬಾವ" ಎಂದು ಸಾವಕಾರರು ಅವನನ್ನು ಬಹಳ ಹೊತ್ತು ನೋಡಿದರು. ಮೈಲಾರಿ ದೊಡ್ಡ ಫೋಟೊ ತಂದು ಮುಂದೆ ಹಿಡಿದ. ಅವರು ಬಿಳಿ ಟೊಪ್ಪಿಗೆಯ ತರುಣನನ್ನು ಬೆರಳಿನಿಂದ ಸವರಿದರು. ಅವರ ಮುಖ ಕರಗಿತು. ಮೈಲಾರಿ ಬಾಗಿಲಲ್ಲಿದ್ದ ಹೆಂಡತಿಗೆ ಕಣ್ಣು ಹೊಡೆದ.

"ಚಲೋ ಐತಿ. ಇದರಾಗ ಬಜಾರ ತಗದೈತಿ. ಇದರ ಜೋಡೀದು ಇನ್ನೊಂದು ಬೇಕು ನನಗ. ಬಜಾರ ನನಗಂತ ಮುಚ್ಚಿದ್ದು. ನಿಮ್ಮಪ್ಪ ನಿಂತ ಮಾಳಿಗಿ ಮ್ಯಾಲಿಂದ ತಗಿ. ಎರಡೂ ಬಾಜೂಕ ಬಾಜೂಕ ಪಡಸಾಲ್ಯಾಗ ಹಾಕ್ತೀನಿ."

"ಈಗ ತಗೀತೀನ್ರಿ!" ಎಂದು ಮೈಲಾರಿ ಕ್ಯಾಮೆರಾ ಕೊರಳಿಗೆ ಹಾಕಿಕೊಂಡ.

"ತಡಿ. ನಿನ್ನ ಶಟರ್ ಇಳಸು ಮೊದಲ. ಫೋಟೊದಾಗ ಅದೊಂದ ಹಲ್ಲ ಬಿದ್ದ ಬಾಯಿ ಕಂಡಂಗ ಕಾಣ್ತೈತಿ."

ಫೋಟೊದ ಸಲುವಾಗಿ ತಾನೇ ಎಂದು ಮೈಲಾರಿ ಸಂತೋಷದಿಂದ ಶಟರು ಇಳಿಸಿ ಬೀಗ ಹಾಕಿದ. ಮಾಳಿಗೆ ಹತ್ತಿ, ಮುಚ್ಚಿದ ಬಜಾರದ ನಡುವೆ ಕೋಲು ಹಿಡಿದು ನಿಂತ ಸಾವಕಾರರನ್ನು ಫೋಟೊ ತೆಗೆದ. ಇಳಿದು ಬಂದು ಬೀಗಕ್ಕೆ ಕೀಲಿ ಹಾಕಲು ಹೋದರೆ ಸಾವಕಾರರ ಕೋಲು ಅಡ್ಡ ಬಂತು.

"ಇರಲಿ. ಆ ಕೀಲಿ ಇಲ್ಲಿ ಕೊಡು."

"ಸಾವ್ಕಾರ್ರ! ನೀವು ಜೀವಂತ ಅದೀರಂತ ಗೊತ್ತಿದ್ದಾವ ನಾ ಒಬ್ಬಾವ್ರಿ..."

"ಅದಕ್ಕ ಅಂತೀನಿ. ಗೊತ್ತಿಲ್ದ ಅಷ್ಟೂ ಮಂದಿ ಬಾಗ್ಲಾ ಹಾಕ್ಯಾರ. ಇಷ್ಟು ಮಂದಿ ಹಾಕಿದಾಗ ಹಾಕದಾವ, ನಾ ಖರೇ ಸತ್ತ ದಿನ ಹಾಕ್ತಿ ಅಂತ ನನಗ ಏನು ಗ್ಯಾರಂಟಿ?"

ಮೈಲಾರಿ ಕೀಲಿಯನ್ನು ಅವರ ಅಂಗೈಯಲ್ಲಿಟ್ಟ. ಮಹೇಶ್ವರಿ ಊಟದ ಖಾಲಿ ಡಬ್ಬಿ ಎತ್ತಿಕೊಂಡು ಮನೆಯ ದಾರಿ ಹಿಡಿದಳು.

ಈಗ ಆ ಎರಡು ಫೋಟೊಗಳು ಸಾವಕಾರರ ಪಡಸಾಲೆಯಲ್ಲಿವೆ. ಬಂದವರಿಗೆಲ್ಲ ಅವರು ತೋರಿಸುತ್ತಾರೆ. ಎರಡನೆಯದು ಬಹಳ ಚಲೋ ಬಂದಿದೆ, ಅಂಥ ಫೋಟೊ ತೆಗೆಯುವವರು ಈಗ ಬಜಾರದಲ್ಲಿ ಯಾರೂ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ.